ಐದು ದಿನದ ಹೀರೊ, ಅರವತ್ತು ವರ್ಷದ ಅಂಗಡಿಯವನು: ಡಿಕ್ ಮಿಲ್ಲರ್ ಪ್ರಕರಣ

1984ರ ‘ದ ಟರ್ಮಿನೇಟರ್’ ನೋಡಿದವರಿಗೆ ಬಂದೂಕಿನ ಅಂಗಡಿಯ ದೃಶ್ಯ ನೆನಪಿರಬಹುದು. ಅರ್ನಾಲ್ಡ್ ಶ್ವಾರ್ಜ್‌ನೆಗರ್ ಒಂದೊಂದೇ ಬಂದೂಕಿನ ಹೆಸರು ಹೇಳುತ್ತಾ ಹೋಗುತ್ತಾನೆ. ಕೌಂಟರಿನ ಆಚೆ ನಿಂತ ಕುಳ್ಳ ಮನುಷ್ಯ ಒಂದೊಂದನ್ನೇ ತೆಗೆದು ಮುಂದಿಡುತ್ತಾನೆ. ಬಂದಿರುವುದು ಮನುಷ್ಯನಲ್ಲ, ಕೊಲ್ಲೋ ಯಂತ್ರ. ಅದು ಅಂಗಡಿಯವನಿಗೇನು ಗೊತ್ತು? ಭರ್ಜರಿ ಗಿರಾಕಿ ಸಿಕ್ಕಿದ್ದಾನೆ, ಇವತ್ತು ಬೇಗ ಬಾಗಿಲು ಹಾಕಬಹುದು ಅಂತ ಅವನ ಲೆಕ್ಕ. ಗಿರಾಕಿ ಅಲ್ಲೇ ನಿಂತು ಗುಂಡು ತುಂಬಲು ಶುರುಮಾಡುತ್ತಾನೆ. ಹಾಗೆಲ್ಲ ಮಾಡುವ ಹಾಗಿಲ್ಲ ಅಂತ ಅಂಗಡಿಯವನು ಗದರುತ್ತಾನೆ. ಅಷ್ಟೇ, ಅವನ ಕಥೆ ಮುಗಿಯಿತು. ಎಲ್ಲ ಸೇರಿ ಒಂದೆರಡು ನಿಮಿಷದ ಪಾತ್ರ.

ಆ ಅಂಗಡಿಯವನಾಗಿ ನಟಿಸಿದವರು ಡಿಕ್ ಮಿಲ್ಲರ್. ಹೆಸರು ಹೇಳಿದರೆ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ. ಫೋಟೋ ತೋರಿಸಿದರೆ ‘ಅರೆ, ಇವರನ್ನ ಎಲ್ಲೋ ನೋಡಿದ್ದೀನಲ್ಲ’ ಅನ್ನುತ್ತಾರೆ. ಎಲೈಜಾ ಡ್ರೆನರ್ 2014ರಲ್ಲಿ ಮಾಡಿದ ಸಾಕ್ಷ್ಯಚಿತ್ರಕ್ಕೆ ಅದಕ್ಕೇ ‘ದಟ್ ಗೈ ಡಿಕ್ ಮಿಲ್ಲರ್’ ಅಂತ ಹೆಸರಿಟ್ಟರು. ‘ಅದೇ, ಆ ಮನುಷ್ಯ’ ಅಂತ. 1955ರಲ್ಲಿ ಶುರುವಾದ ನಟನೆ 2019ರಲ್ಲಿ ಸಾಯುವ ತನಕ ನಡೆಯಿತು. ಸಿನಿಮಾ, ಟಿವಿ ಸೇರಿ ನೂರೈವತ್ತಕ್ಕೂ ಜಾಸ್ತಿ ಪಾತ್ರಗಳು. ಅದರಲ್ಲಿ ಹೀರೊ ಆಗಿದ್ದನ್ನು ಬೆರಳಲ್ಲಿ ಎಣಿಸಬಹುದು.

ಐದು ದಿನ, ಆರು ದಿನದಲ್ಲಿ ಮುಗಿಯುವ ಅಗ್ಗದ ಹಾರರ್ ಸಿನಿಮಾಗಳಲ್ಲಿ ಶುರುವಾದ ಕೆಲಸ ಅರವತ್ತು ವರ್ಷ ಹೇಗೆ ನಡೆಯಿತು? ಅದೃಷ್ಟ ಅನ್ನುವುದು ಸುಲಭ. ನನಗೆ ಕಾಣುವ ಕಾರಣ ಬೇರೆ. ಮಿಲ್ಲರ್ ಯಾವ ಪಾತ್ರ ಮಾಡಿದರೂ ಅದು ಡ್ಯೂಟಿ ಮೇಲಿರುವ ಮನುಷ್ಯನ ಪಾತ್ರವಾಗುತ್ತಿತ್ತು. ತೋಳಮಾನವ ಬರಲಿ, ಅನ್ಯಗ್ರಹದವನು ಬರಲಿ, ಆ ಮುಖದಲ್ಲಿ ಮೊದಲು ಕಾಣುವುದು ಭಯವಲ್ಲ. ‘ಕೆಲಸದ ಹೊತ್ತಲ್ಲಿ ಇದೇನಪ್ಪಾ’ ಅನ್ನುವ ಕಿರಿಕಿರಿ. ದುಡ್ಡಿಲ್ಲದ ಹಾರರ್ ಸಿನಿಮಾಕ್ಕೆ ಇಂಥ ಮುಖ ಎಷ್ಟು ಬೇಕು ಅನ್ನುವುದು ಈ ಪ್ರಕರಣದ ತಿರುಳು.

ಬರೆಯಲು ಹೋದವರು

ಮಿಲ್ಲರ್ ಹುಟ್ಟಿದ್ದು 1928ರ ಡಿಸೆಂಬರ್ 25ರಂದು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಯಹೂದಿ ಕುಟುಂಬ. ನೌಕಾಪಡೆಯಲ್ಲಿ ಸ್ವಲ್ಪ ಕಾಲ ಇದ್ದರು. 1950ರ ದಶಕದ ಶುರುವಿನಲ್ಲಿ ಲಾಸ್ ಏಂಜಲೀಸ್‌ಗೆ ಹೋದರು. ನಟನಾಗಲು ಅಲ್ಲ, ಚಿತ್ರಕಥೆ ಬರೆಯಲು. ಗೆಳೆಯ ಜೊನಾಥನ್ ಹೇಝ್ ಇವರನ್ನು ರೋಜರ್ ಕಾರ್ಮನ್ ಹತ್ತಿರ ಕರೆದುಕೊಂಡು ಹೋದರು. ಬರೆಯುವವರು ಬೇಕಾದಷ್ಟಿದ್ದಾರೆ, ನಟರು ಬೇಕು ಅಂದರು ಕಾರ್ಮನ್. ಹಾಗಾದರೆ ನಾನು ನಟ ಅಂದರು ಮಿಲ್ಲರ್. ಬರೆಯುವ ಆಸೆ ಮಾತ್ರ ಪೂರ್ತಿ ಹೋಗಲಿಲ್ಲ. 1970ರಲ್ಲಿ ಬಂದ ಹಾಸ್ಯನಟ ಜೆರಿ ಲೂಯಿಸ್ ಸಿನಿಮಾವೊಂದರ ಕಥೆಯಲ್ಲಿ ಇವರ ಪಾಲೂ ಇದೆ.

ಕಾರ್ಮನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಕಡಿಮೆ ದುಡ್ಡಲ್ಲಿ, ಕಡಿಮೆ ದಿನದಲ್ಲಿ ಸಿನಿಮಾ ಮಾಡುವುದರಲ್ಲಿ ಅಮೆರಿಕದಲ್ಲೇ ಹೆಸರಾದವರು. ಬೇರೆಯವರು ಹಾಕಿದ ಸೆಟ್ ಒಡೆಯುವ ಮೊದಲೇ ಅಲ್ಲಿ ತಮ್ಮ ಸಿನಿಮಾ ಮುಗಿಸುತ್ತಿದ್ದರು. ಇಂಥ ಕಡೆ ನಟನ ಬೆಲೆ ಅಳೆಯುವುದೇ ಬೇರೆ ಥರ. ಮಾತು ಬಾಯಿಪಾಠ ಇರಬೇಕು. ಒಂದೇ ಟೇಕಿಗೆ ಓಕೆ ಆಗಬೇಕು. ಕರೆದ ಹೊತ್ತಿಗೆ ಬರಬೇಕು. ಇನ್ನೊಂದು ಪಾತ್ರ ಮಾಡು ಅಂದರೆ ಮುಖ ಸಿಂಡರಿಸಬಾರದು.

ಮಿಲ್ಲರ್ ಮೊದಲ ಸಿನಿಮಾ 1955ರ ‘ಅಪಾಚೆ ವುಮನ್’. ಅದರಲ್ಲಿ ರೆಡ್ ಇಂಡಿಯನ್ ಪಾತ್ರ. ಅದು ಮುಗಿಯುತ್ತಿದ್ದ ಹಾಗೆ ಕೌಬಾಯ್ ಮಾಡ್ತೀಯಾ ಅಂತ ಕೇಳಿದರಂತೆ. ಇನ್ನೊಂದು ಸಿನಿಮಾ ಸಿಕ್ಕಿತು ಅಂದುಕೊಂಡರು. ಅಲ್ಲ, ಅದೇ ಸಿನಿಮಾ. ಕೊನೆಗೆ ಕೌಬಾಯ್ ಆಗಿ, ಇಂಡಿಯನ್ ಆದ ತನಗೇ ತಾನೇ ಗುಂಡು ಹೊಡೆದುಕೊಳ್ಳುವ ಸ್ಥಿತಿ ಬಂದಿತ್ತು ಅಂತ ಆಮೇಲೆ ಎಷ್ಟೋ ಸಲ ನಗುತ್ತಾ ಹೇಳಿದ್ದಾರೆ.

ಈ ಹೊತ್ತಿನ ಚಿತ್ರಗಳಲ್ಲಿ ನನಗೆ ಹಿಡಿಸಿದ್ದು 1957ರ ‘ನಾಟ್ ಆಫ್ ದಿಸ್ ಅರ್ತ್’. ಕಪ್ಪು ಕನ್ನಡಕದ ಅನ್ಯಗ್ರಹದವನೊಬ್ಬ ಭೂಮಿಯವರ ರಕ್ತ ಕದಿಯುತ್ತಿರುತ್ತಾನೆ. ಅವನ ಮನೆ ಬಾಗಿಲಿಗೆ ವ್ಯಾಕ್ಯೂಮ್ ಕ್ಲೀನರ್ ಮಾರುವವನು ಬರುತ್ತಾನೆ. ಅವರೇ ಮಿಲ್ಲರ್. ಟೈ ಕಟ್ಟಿದ ಸಭ್ಯ ಸೇಲ್ಸ್‌ಮನ್ ಅಲ್ಲ, ಬಾಗಿಲು ಮುಚ್ಚಿದರೂ ಬಿಡದ ಬ್ರಾಂಕ್ಸ್ ಬೀದಿಯ ಬಾಯಿಬಡುಕ. ಎದುರಿಗೆ ನಿಂತವನು ವಿಚಿತ್ರವಾಗಿ ಆಡುತ್ತಿದ್ದರೂ ಇವನು ಮಾಲು ಹೊಗಳುವುದು ನಿಲ್ಲಿಸುವುದಿಲ್ಲ. ನಗು ಬರುತ್ತದೆ. ಇವನು ಈ ಮನೆಯಿಂದ ವಾಪಸ್ ಹೋಗುವುದಿಲ್ಲ ಅನ್ನುವುದೂ ಗೊತ್ತಿರುತ್ತದೆ. ಮಿಲ್ಲರ್ ಮುಂದೆ ಬದುಕಿಡೀ ಮಾಡಿದ್ದೆಲ್ಲ ಆ ಪುಟ್ಟ ದೃಶ್ಯದಲ್ಲೇ ಇದೆ.

ಹೀರೊ ಪಾತ್ರಗಳೂ ಬಂದವು. 1957ರ ಅಕ್ಟೋಬರಿನಲ್ಲಿ ರಷ್ಯನ್ನರು ಸ್ಪುಟ್ನಿಕ್ ಉಪಗ್ರಹ ಹಾರಿಸಿದರು. ಆ ಗಲಾಟೆ ಬಿಸಿ ಆರುವ ಮೊದಲೇ ಕಾರ್ಮನ್ ‘ವಾರ್ ಆಫ್ ದ ಸ್ಯಾಟಲೈಟ್ಸ್’ ತೆಗೆದು 1958ರಲ್ಲಿ ಬಿಡುಗಡೆ ಮಾಡಿದರು. ಅದರಲ್ಲಿ ಮಿಲ್ಲರ್ ವಿಜ್ಞಾನಿ, ಭೂಮಿ ಉಳಿಸುವ ಹೀರೊ. ನನ್ನ ಕಣ್ಣಿಗೆ ಮಾತ್ರ ಅವರು ರಾಕೆಟ್ಟಿನ ನಲ್ಲಿ ರಿಪೇರಿಗೆ ಬಂದವರ ಹಾಗೆ ಕಾಣುತ್ತಾರೆ. ಅದು ಅವರ ತಪ್ಪಲ್ಲ. ಆ ಮುಖಕ್ಕೆ ಭೂಮಿ ಉಳಿಸುವ ಗತ್ತು ಹೊಂದುವುದಿಲ್ಲ, ಅಷ್ಟೇ.

ಜೇಡಿಮಣ್ಣು, ಬೆಕ್ಕು, ಐದು ದಿನ

1959ರಲ್ಲಿ ‘ಎ ಬಕೆಟ್ ಆಫ್ ಬ್ಲಡ್’ ಬಂತು. ಹೆಸರು ಕೇಳಿ ಓಡಿಹೋಗಬೇಡಿ. ರಕ್ತ ಅಷ್ಟಾಗಿ ಇಲ್ಲ, ನಗು ಜಾಸ್ತಿ. ಚಾರ್ಲ್ಸ್ ಗ್ರಿಫಿತ್ ಬರೆದ ಕಥೆ, ಸುಮಾರು 50,000 ಡಾಲರ್ ಬಂಡವಾಳ, ಐದು ದಿನದ ಶೂಟಿಂಗ್.

ವಾಲ್ಟರ್ ಪೈಸ್ಲಿ ಅಂತ ಒಬ್ಬ ಪೆದ್ದ. ಕವಿಗಳು, ಕಲಾವಿದರು ಸೇರುವ ಕಾಫಿ ಹೋಟೆಲಿನಲ್ಲಿ ಟೇಬಲ್ ಒರೆಸಿ ಲೋಟ ಎತ್ತುವ ಕೆಲಸ. ಗಡ್ಡದ ಕವಿ ವೇದಿಕೆ ಮೇಲೆ ನಿಂತು ಕಲೆಯೊಂದೇ ದೊಡ್ಡದು, ಉಳಿದವರೆಲ್ಲ ಕಸ ಅಂತ ಹೇಳುತ್ತಾನೆ. ವಾಲ್ಟರ್ ಲೋಟ ಎತ್ತುತ್ತಾ ಅದನ್ನು ಬಾಯಿಪಾಠ ಮಾಡುತ್ತಾನೆ. ರೂಮಿಗೆ ಬಂದು ಜೇಡಿಮಣ್ಣು ತಟ್ಟುತ್ತಾ ಕೂರುತ್ತಾನೆ. ಮುಖ ಮಾಡಲು ಬರುವುದಿಲ್ಲ. ‘ಮೂಗಾಗು! ಮೂಗಾಗು!’ ಅಂತ ಮಣ್ಣಿನ ಮೇಲೆ ಕಿರುಚುತ್ತಾನೆ. ಈ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊದಲ ಸಲ ನಗುತ್ತೇವೆ. ಎರಡನೇ ಸಲ ನೋಡಿದಾಗ, ತಾನು ಏನೂ ಆಗಲಾರೆ ಅನ್ನುವುದು ಅವನಿಗೆ ಆ ಕ್ಷಣದಲ್ಲಿ ಗೊತ್ತಾಗಿಬಿಟ್ಟಿದೆ ಅನ್ನಿಸುತ್ತದೆ.

ಮನೆ ಒಡತಿಯ ಬೆಕ್ಕು ಗೋಡೆಯ ಸಂದಿನಲ್ಲಿ ಸಿಕ್ಕಿಕೊಂಡಿರುತ್ತದೆ. ಬಿಡಿಸಲು ಹೋಗಿ ವಾಲ್ಟರ್ ಗೋಡೆಗೆ ಚಾಕು ಹಾಕುತ್ತಾನೆ. ಚಾಕು ಬೆಕ್ಕಿಗೇ ನೆಡುತ್ತದೆ. ಹೆದರಿದವನು ಸತ್ತ ಬೆಕ್ಕಿಗೆ ಚಾಕುವಿನ ಸಮೇತ ಜೇಡಿಮಣ್ಣು ಮೆತ್ತಿ, ಮರುದಿನ ಹೋಟೆಲಿಗೆ ತಂದು ಇದು ನನ್ನ ಶಿಲ್ಪ ಅನ್ನುತ್ತಾನೆ. ಹೆಸರು ‘ಸತ್ತ ಬೆಕ್ಕು’. ಎಲ್ಲರೂ ಬೆರಗಾಗುತ್ತಾರೆ. ಎಷ್ಟು ನೈಜ! ಮುಂದಿನದು ಊಹಿಸಬಹುದು. ಇನ್ನೊಂದು ಶಿಲ್ಪ ಯಾವಾಗ ಅಂತ ಜನ ಕೇಳುತ್ತಾರೆ, ಬೆಕ್ಕು ಸಾಕಾಗುವುದಿಲ್ಲ. ಹೋಟೆಲ್ ಮಾಲೀಕನಿಗೆ ಗುಟ್ಟು ಗೊತ್ತಾಗುತ್ತದೆ, ಪೊಲೀಸರಿಗೆ ಫೋನ್ ಮಾಡಲೂ ಹೊರಡುತ್ತಾನೆ. ಅಷ್ಟರಲ್ಲಿ ಕಲೆ ಸಂಗ್ರಹಿಸುವ ಒಬ್ಬ 500 ಡಾಲರ್ ಕೊಡುತ್ತೇನೆ ಅಂತ ಮುಂದೆ ಬರುತ್ತಾನೆ. ಮಾಲೀಕ ಸುಮ್ಮನಾಗುತ್ತಾನೆ.

ಮಿಲ್ಲರ್ ಇಲ್ಲಿ ಕೊಲೆಗಾರನ ಥರ ನಟಿಸುವುದೇ ಇಲ್ಲ. ಹೊಗಳಿಕೆ ಬಿದ್ದಾಗ ಹೆಗಲು ನೆಟ್ಟಗಾಗುತ್ತದೆ. ನಿನ್ನೆ ಲೋಟ ಎತ್ತಿದ ಹೋಟೆಲಿಗೆ ಇವತ್ತು ಗಿರಾಕಿಯಾಗಿ ಬಂದು ಕೂರುತ್ತಾನೆ. ಕೂರುವ ರೀತಿಯೇ ಬದಲಾಗಿರುತ್ತದೆ. ಆದರೂ ಕಣ್ಣಲ್ಲಿ ಅದೇ ಹಳೇ ಅಂಜಿಕೆ, ಯಾರಾದರೂ ಬಂದು ಎದ್ದೇಳೋ ಅನ್ನುತ್ತಾರೇನೋ ಅಂತ. ಐದು ದಿನದಲ್ಲಿ, ರಿಹರ್ಸಲ್ಲಿಗೆ ಪುರುಸೊತ್ತಿಲ್ಲದೆ ಇಷ್ಟನ್ನು ತಂದರಲ್ಲ, ಅದೇ ಆಶ್ಚರ್ಯ.

ಕೊನೆಯ ದೃಶ್ಯದ ಬಗ್ಗೆ ಮಾತ್ರ ಮಿಲ್ಲರ್‌ಗೆ ಬೇಜಾರಿತ್ತು. ಸಿಕ್ಕಿಬಿದ್ದ ವಾಲ್ಟರ್ ನೇಣು ಹಾಕಿಕೊಳ್ಳುತ್ತಾನೆ. ಮೈಗೆಲ್ಲ ಪ್ಲಾಸ್ಟರ್ ಮೆತ್ತಿಕೊಂಡು ಅವನೇ ಕೊನೆಯ ಶಿಲ್ಪವಾಗಿ ತೂಗಬೇಕಿತ್ತು. ಪ್ಲಾಸ್ಟರ್ ಹಚ್ಚಲು ಟೈಮಿರಲಿಲ್ಲ. ಮುಖಕ್ಕೆ ಒಂದಿಷ್ಟು ಬೂದು ಬಣ್ಣ ಬಳಿದು ಶಾಟ್ ತೆಗೆದರು. ಕಥೆ ಸರಿಯಿತ್ತು, ನಟನೆ ಸರಿಯಿತ್ತು, ಇನ್ನೊಂದಿಷ್ಟು ದುಡ್ಡು ಹಾಕಿದ್ದರೆ ಇದು ನಿಜಕ್ಕೂ ದೊಡ್ಡ ಸಿನಿಮಾ ಆಗುತ್ತಿತ್ತು ಅನ್ನುವುದು ಅವರ ಕೊರಗು. ಅವರು ಹೇಳಿದ್ದು ಸರಿಯೇ. ಆದರೆ ದುಡ್ಡಿದ್ದ ನಿರ್ಮಾಪಕ ಮಿಲ್ಲರ್ ಅವರನ್ನು ಹೀರೊ ಮಾಡುತ್ತಿದ್ದನೇ? ನನಗಂತೂ ಅನುಮಾನ.

ಬೇಡ ಅಂದ ಪಾತ್ರ

ಆ ಸಿನಿಮಾ ಮುಗಿದ ಸ್ವಲ್ಪ ದಿನಕ್ಕೇ ಗ್ರಿಫಿತ್, ಕಾರ್ಮನ್ ಅದೇ ಅಚ್ಚಿನ ಇನ್ನೊಂದು ಕಥೆ ಎತ್ತಿಕೊಂಡರು. ಈ ಸಲ ಹೂವಿನ ಅಂಗಡಿಯಲ್ಲಿ ಕೆಲಸ ಮಾಡುವ ಪೆದ್ದ, ಮನುಷ್ಯರನ್ನು ತಿನ್ನುವ ಗಿಡ. ‘ದ ಲಿಟಲ್ ಶಾಪ್ ಆಫ್ ಹಾರರ್ಸ್’. ಹೀರೊ ಪಾತ್ರಕ್ಕೆ ಮೊದಲು ಕೇಳಿದ್ದು ಮಿಲ್ಲರ್ ಅವರನ್ನೇ. ಅವರು ಬೇಡ ಅಂದರು. ಇದನ್ನು ಈಗ ತಾನೇ ಮಾಡಿದ್ದೇನಲ್ಲ, ಮತ್ತೆ ಅದೇ ಯಾಕೆ ಅಂತ. ಪಾತ್ರ ಗೆಳೆಯ ಹೇಝ್‌ಗೆ ಹೋಯಿತು. ಮಿಲ್ಲರ್ ಅಂಗಡಿಗೆ ಬರುವ ಗಿರಾಕಿಯ ಚಿಕ್ಕ ಪಾತ್ರ ತೆಗೆದುಕೊಂಡರು. ಹೂ ಕೊಂಡು ಉಪ್ಪು ಹಾಕಿ ತಿನ್ನುವ ಗಿರಾಕಿ! ತಿನ್ನುವುದನ್ನೂ ಎಷ್ಟು ಸಹಜವಾಗಿ ಮಾಡುತ್ತಾರೆ ಅಂದರೆ, ನಮ್ಮ ಕಡೆ ಸೌತೆಕಾಯಿಗೆ ಉಪ್ಪು ಖಾರ ಹಚ್ಚಿ ತಿಂದ ಹಾಗೆ.

ಸಿನಿಮಾದ ಮುಖ್ಯ ಶೂಟಿಂಗ್ ಎರಡೇ ದಿನ, 1959ರ ಡಿಸೆಂಬರ್ ಕೊನೆಗೆ. ಬೇರೆ ಯಾವುದೋ ಚಿತ್ರಕ್ಕೆ ಹಾಕಿದ್ದ ಸೆಟ್. ಹಲ್ಲಿನ ಡಾಕ್ಟರ ಹತ್ತಿರ ನೋವಿಗೆ ಖುಷಿಪಡುವ ರೋಗಿಯಾಗಿ ಒಬ್ಬ ಹೊಸ ಹುಡುಗ ಬಂದುಹೋಗುತ್ತಾನೆ. ಅವರು ಮುಂದೆ ದೊಡ್ಡ ಸ್ಟಾರ್ ಆದ ಜಾಕ್ ನಿಕೋಲ್ಸನ್. ಈ ಎರಡು ದಿನದ ಸಿನಿಮಾ 1982ರಲ್ಲಿ ರಂಗದ ಮೇಲೆ ಹಾಡುಗಳ ನಾಟಕವಾಯಿತು, 1986ರಲ್ಲಿ ಮತ್ತೆ ದೊಡ್ಡ ಬಜೆಟ್ಟಿನ ಸಿನಿಮಾ ಆಯಿತು.

ಮಿಲ್ಲರ್ ತಪ್ಪು ಮಾಡಿದರಾ? ಈ ಪ್ರಕರಣ ಓದುವವರೆಲ್ಲ ಇಲ್ಲಿ ನಿಲ್ಲುತ್ತಾರೆ. ಆಗ ಅವರ ಕೈಯಲ್ಲಿ ಇದ್ದ ಲೆಕ್ಕ ನೋಡಿ. ಸಂಬಳ ಎರಡು ಕಡೆಯೂ ಅಷ್ಟಕ್ಕಷ್ಟೇ. ಸಿನಿಮಾ ಎರಡು ವಾರ ಓಡಿ ಮಾಯವಾಗುವ ಜಾತಿಯದು. ಒಂದೇ ಪಾತ್ರವನ್ನು ಎರಡು ಸಲ ಮಾಡಿದರೆ ಅಲ್ಲೇ ಕಟ್ಟಿಹಾಕುತ್ತಾರೆ ಅನ್ನುವ ಭಯ ಸಹಜ. ಆದರೆ ನಡೆದದ್ದು ಬೇರೆ. ಪೆದ್ದನ ಪಾತ್ರಕ್ಕೆ ಅವರನ್ನು ಯಾರೂ ಕಟ್ಟಿಹಾಕಲಿಲ್ಲ. ಚಿಕ್ಕ ಪಾತ್ರಕ್ಕೆ ಕಟ್ಟಿಹಾಕಿದರು. ಅದಕ್ಕೆ ಆ ಹೂ ತಿನ್ನುವ ದೃಶ್ಯವೂ ಒಂದು ಕಾರಣ ಅನ್ನಿಸುತ್ತದೆ. ಎರಡು ನಿಮಿಷ ಕೊಟ್ಟರೂ ಈ ಮನುಷ್ಯ ನೆನಪಲ್ಲಿ ಉಳಿಯುವ ಹಾಗೆ ಮಾಡುತ್ತಾನೆ ಅಂತ ಗೊತ್ತಾದ ಮೇಲೆ ಎರಡು ಗಂಟೆ ಯಾರು ಕೊಡುತ್ತಾರೆ?

ಮುಖ ಎಲ್ಲೆಡೆ, ದುಡ್ಡು ಎಲ್ಲೂ ಇಲ್ಲ

ಈ ಭಾಗ ಸ್ವಲ್ಪ ಲೆಕ್ಕಪತ್ರದ್ದು. ಆದರೆ ಇದಿಲ್ಲದೆ ಮಿಲ್ಲರ್ ಬದುಕು ಅರ್ಥವಾಗುವುದಿಲ್ಲ. 1960ರಲ್ಲಿ ಅಮೆರಿಕದ ಸಿನಿಮಾ ನಟರ ಸಂಘ ಮುಷ್ಕರ ಹೂಡಿತು. ಆಗ ಸಂಘದ ಅಧ್ಯಕ್ಷರಾಗಿದ್ದವರು ರೊನಾಲ್ಡ್ ರೇಗನ್. ಸಿನಿಮಾವನ್ನು ಟಿವಿಗೆ ಮಾರಿದರೆ ನಟರಿಗೂ ಪಾಲು ಕೊಡಬೇಕು ಅಂತ ಬೇಡಿಕೆ. ಕೊನೆಗೆ ಒಪ್ಪಂದವಾಯಿತು, ಆದರೆ 1960ರಿಂದ ಈಚೆಗೆ ಮಾಡಿದ ಸಿನಿಮಾಗಳಿಗೆ ಮಾತ್ರ. ಅದಕ್ಕೂ ಹಿಂದಿನವಕ್ಕೆ ಸಂಘದ ಪಿಂಚಣಿ, ಆರೋಗ್ಯ ನಿಧಿಗೆ ಒಂದಿಷ್ಟು ಮೊತ್ತ ಸೇರಿತೇ ಹೊರತು ಒಬ್ಬೊಬ್ಬ ನಟನ ಕೈಗೆ ಏನೂ ಬರಲಿಲ್ಲ. ಮಿಲ್ಲರ್ ಹೆಸರು ಮಾಡಿದ ಚಿತ್ರಗಳೆಲ್ಲ 1950ರ ದಶಕದವು. ಅವು ರಾತ್ರಿ ಹೊತ್ತು, ಶನಿವಾರ ಮಧ್ಯಾಹ್ನ ಟಿವಿಯಲ್ಲಿ ಬಂದವು, ಮತ್ತೆ ಬಂದವು. ಮಿಲ್ಲರ್‌ಗೆ ಬಿಡಿಗಾಸಿಲ್ಲ.

ಇನ್ನೊಂದು ಇದೆ. ಈ ಚಿತ್ರಗಳ ಕಾಪಿರೈಟ್ ಕಾಗದಪತ್ರಗಳನ್ನು ಯಾರೂ ಸರಿಯಾಗಿ ನೋಡಿಕೊಳ್ಳಲಿಲ್ಲ. ‘ಬಕೆಟ್ ಆಫ್ ಬ್ಲಡ್’, ‘ಲಿಟಲ್ ಶಾಪ್’ ಎರಡೂ ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾದವು. ಯಾರು ಬೇಕಾದರೂ ಕ್ಯಾಸೆಟ್ ಮಾಡಿ ಮಾರಬಹುದು. ನಾನು ‘ಬಕೆಟ್’ ನೋಡಿದ್ದೂ ಹೀಗೇ, ಯೂಟ್ಯೂಬಿನಲ್ಲಿ ಪುಕ್ಕಟೆ.

1963ರ ‘ದ ಟೆರರ್’ ಕೂಡ ಇದೇ ಜಾತಿ. ಅದರ ಕಥೆ ಕೇಳಿ. ಬೇರೊಂದು ಸಿನಿಮಾದ ಕೋಟೆ ಸೆಟ್ ಉಳಿದಿತ್ತು. ಹಾರರ್ ಸಿನಿಮಾಗಳ ಹೆಸರಾಂತ ನಟ ಬೋರಿಸ್ ಕಾರ್ಲಾಫ್ ಕೆಲವೇ ದಿನ ಸಿಗುತ್ತಿದ್ದರು. ಕಥೆ ಪೂರ್ತಿ ಇಲ್ಲದೆಯೇ ಅವರ ದೃಶ್ಯ ತೆಗೆದರು. ಉಳಿದದ್ದನ್ನು ಕೊಪೊಲಾ, ಮಾಂಟಿ ಹೆಲ್ಮನ್, ಜಾಕ್ ಹಿಲ್ ಅಂತ ಸಿಕ್ಕಿದವರೆಲ್ಲ ತೆಗೆದರು. ಜೋಡಿಸಿ ನೋಡಿದರೆ ತಲೆಬುಡ ಇಲ್ಲ. ಆಗ ಒಂದು ದೃಶ್ಯ ಸೇರಿಸಿದರು. ನಿಕೋಲ್ಸನ್ ಪಾತ್ರ ಮಿಲ್ಲರ್ ಪಾತ್ರವನ್ನು ಗೋಡೆಗೆ ಒತ್ತಿ ನಿಜ ಹೇಳು ಅನ್ನುತ್ತದೆ. ಮಿಲ್ಲರ್ ಇಡೀ ಕಥೆಯನ್ನು ಒಂದೇ ಉಸಿರಲ್ಲಿ ಬಿಡಿಸಿ ಹೇಳುತ್ತಾರೆ. ಹೇಳಿದ್ದನ್ನು ಆ ಕ್ಷಣಕ್ಕೆ ನಾವು ನಂಬುತ್ತೇವೆ. ಸಿನಿಮಾ ಮುಗಿದ ಮೇಲೆ ಯೋಚಿಸಿದರೆ ಆಗಲೂ ಅರ್ಥವಾಗುವುದಿಲ್ಲ, ಆ ಮಾತು ಬೇರೆ.

1960ರ ದಶಕದ ಉಳಿದ ಕಾಲ ಬರಗಾಲ. ಅಲ್ಲೊಂದು ಇಲ್ಲೊಂದು ಪಾತ್ರ, ಟಿವಿ, ಅಷ್ಟೇ.

ಟಿವಿ ನೋಡಿದ ಹುಡುಗರು

ಬಿಡಿಗಾಸು ಕೊಡದ ಅದೇ ಟಿವಿ ಪ್ರಸಾರ ಇನ್ನೊಂದು ದಾರಿಯಿಂದ ಸಾಲ ತೀರಿಸಿತು. ಆ ಸಿನಿಮಾಗಳನ್ನು ನೋಡುತ್ತಾ ಬೆಳೆದ ಹುಡುಗರು ದೊಡ್ಡವರಾಗಿ ನಿರ್ದೇಶಕರಾದರು. ನ್ಯೂಜೆರ್ಸಿಯ ಜೋ ಡಾಂಟೆ ಅವರಲ್ಲಿ ಒಬ್ಬರು. ಕಾರ್ಮನ್ 1970ರಲ್ಲಿ ಶುರುಮಾಡಿದ ನ್ಯೂ ವರ್ಲ್ಡ್ ಕಂಪನಿಯಲ್ಲಿ ಟ್ರೇಲರ್ ಕತ್ತರಿಸುವ ಕೆಲಸದಲ್ಲಿದ್ದರು. 1976ರಲ್ಲಿ ಅಲನ್ ಆರ್ಕುಶ್ ಜೊತೆ ಮೊದಲ ಸಿನಿಮಾ ‘ಹಾಲಿವುಡ್ ಬುಲೆವಾರ್ಡ್’ ಮಾಡಿದಾಗ ಮಿಲ್ಲರ್ ಅವರನ್ನು ಕರೆದು ನಟಿಯೊಬ್ಬಳ ಏಜೆಂಟ್ ಪಾತ್ರ ಕೊಟ್ಟರು. ಪಾತ್ರದ ಹೆಸರು ವಾಲ್ಟರ್ ಪೈಸ್ಲಿ.

ಆಮೇಲೆ ಅದು ಚಾಳಿಯಾಯಿತು. 1981ರ ‘ದ ಹೌಲಿಂಗ್’ನಲ್ಲಿ ಮಾಟಮಂತ್ರದ ಪುಸ್ತಕದ ಅಂಗಡಿಯವನು, ವಾಲ್ಟರ್ ಪೈಸ್ಲಿ. ತೋಳಮಾನವರನ್ನು ಕೊಲ್ಲುವ ಬೆಳ್ಳಿ ಗುಂಡೂ ಅವನ ಹತ್ತಿರ ಇದೆ. ಅವನಿಗೆ ಇದರಲ್ಲಿ ಯಾವ ನಂಬಿಕೆಯೂ ಇಲ್ಲ. ಮಾಲು ಇದೆ, ಬೇಕಾದರೆ ತಗೊಳ್ಳಿ. 1986ರ ‘ಚಾಪಿಂಗ್ ಮಾಲ್’ನಲ್ಲಿ ನೆಲ ಒರೆಸುವವನು, ಮತ್ತೆ ವಾಲ್ಟರ್ ಪೈಸ್ಲಿ. ಅದರ ನಿರ್ದೇಶಕರು ಡಾಂಟೆ ಅಲ್ಲ. ಹೆಸರು ಒಬ್ಬರಿಂದ ಒಬ್ಬರಿಗೆ ಹರಡಿತ್ತು.

ಕಸುಬುಗಳನ್ನು ಒಮ್ಮೆ ನೋಡಿ. ‘ಆಫ್ಟರ್ ಅವರ್ಸ್’ನಲ್ಲಿ ಹೋಟೆಲ್ ವೇಟರ್, ‘ಇನ್ನರ್‌ಸ್ಪೇಸ್’ನಲ್ಲಿ ಟ್ಯಾಕ್ಸಿ ಡ್ರೈವರ್, ‘ದ ಬರ್ಬ್ಸ್’ನಲ್ಲಿ ಕಸದ ಗಾಡಿಯವನು, ‘ಸ್ಟಾರ್ ಟ್ರೆಕ್’ ಟಿವಿ ಧಾರಾವಾಹಿಯಲ್ಲಿ ಪೇಪರ್ ಮಾರುವವನು. ಅಂತರಿಕ್ಷ ನೌಕೆಯ ಕಥೆಯಲ್ಲೂ ಪೇಪರ್ ಮಾರುವ ಕೆಲಸ ಹುಡುಕಿಕೊಂಡರಲ್ಲ! ‘ಫೇಮ್’ ಧಾರಾವಾಹಿಯಲ್ಲಿ ಬೌಲಿಂಗ್ ಆಡುವ ಜಾಗದ ಮಾಲೀಕನಾಗಿ 1985ರಿಂದ 1987ರವರೆಗೆ ಕಾಯಂ ಪಾತ್ರ ಸಿಕ್ಕಿತು.

‘ಆಫ್ಟರ್ ಅವರ್ಸ್’ ಮಾಡಿದ ಸ್ಕಾರ್ಸೆಸಿ, ‘ಟರ್ಮಿನೇಟರ್’ ಮಾಡಿದ ಕ್ಯಾಮೆರಾನ್, ಡಾಂಟೆ ಮೂವರೂ ಕಾರ್ಮನ್ ಗರಡಿಯಲ್ಲಿ ಪಳಗಿದವರು. ಬಂಡವಾಳ ದೊಡ್ಡದಾದ ಮೇಲೂ ಎರಡು ನಿಮಿಷದ ಪಾತ್ರಕ್ಕೆ ಯಾರು ಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ನೋಡುವವರು ಇಲ್ಲದ್ದನ್ನು ನಂಬಬೇಕಾದರೆ ಪಕ್ಕದಲ್ಲಿ ಇರುವುದೊಂದು ನಿಲ್ಲಬೇಕು. ದುಡ್ಡಿದ್ದವರು ಅದಕ್ಕೆ ಊರನ್ನೇ ಕಟ್ಟಿಸುತ್ತಾರೆ. ಇಲ್ಲದವರು ಮಿಲ್ಲರ್‌ಗೆ ಫೋನ್ ಮಾಡುತ್ತಿದ್ದರು.

ಎಲ್ಲ ಸಲವೂ ನೆಟ್ಟಗೆ ನಡೆಯಲಿಲ್ಲ. 1994ರ ‘ಪಲ್ಪ್ ಫಿಕ್ಷನ್’ಗೂ ಮಿಲ್ಲರ್ ನಟಿಸಿದ್ದರು, ಹಳೇ ವಾಹನಗಳ ಗುಜರಿಯವನಾಗಿ. ಎಡಿಟಿಂಗಿನಲ್ಲಿ ಆ ದೃಶ್ಯ ಹೋಯಿತು. ಅವರ ಜೊತೆ ಉಳಿದವರು ಮಡದಿ ಲೇನಿ. ಮದುವೆಯಾಗಿದ್ದು 1959ರಲ್ಲಿ, ಅದೇ ‘ಬಕೆಟ್’ ವರ್ಷ. ಸಾಕ್ಷ್ಯಚಿತ್ರದಲ್ಲಿ ಇಬ್ಬರೂ ಮನೆಯಲ್ಲಿ ಕೂತು ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದುವುದು ನೋಡಲು ಚೆಂದ. 2019ರ ಜನವರಿ 30ರಂದು ಮಿಲ್ಲರ್ ತೀರಿಕೊಂಡರು, 90 ವರ್ಷ. ಕೊನೆಯ ಸಿನಿಮಾದಲ್ಲಿ ಯಹೂದಿ ಗುರುವಿನ ಪಾತ್ರ. ಆ ಗುರುವಿನ ಹೆಸರೂ ವಾಲ್ಟರ್ ಪೈಸ್ಲಿ.

ಹೆಚ್ಚು ಜನ ಅವರನ್ನು ನೋಡಿದ್ದು ಡಾಂಟೆಯವರ ‘ಗ್ರೆಮ್ಲಿನ್ಸ್’ನಲ್ಲಿ, 1984ರಲ್ಲಿ. ಪಕ್ಕದ ಮನೆಯ ಫಟ್ಟರ್‌ಮನ್, ವಿದೇಶಿ ಯಂತ್ರ ಕಂಡರೆ ಆಗದ ಹಳೇ ಸೈನಿಕ. ಅವನ ಹೆಂಡತಿಯಾಗಿ ನಟಿಸಿದವರು ಜಾಕಿ ಜೋಸೆಫ್. 1960ರ ‘ಲಿಟಲ್ ಶಾಪ್’ನ ಹೀರೊಯಿನ್ ಅವರೇ. ಬೇಡ ಅಂದ ಪಾತ್ರದ ಜೋಡಿ 24 ವರ್ಷ ಬಿಟ್ಟು ಹೀಗೆ ಸಿಕ್ಕಿತು. ಚೇಷ್ಟೆ ಭೂತಗಳು ಮಂಜು ತೆಗೆಯುವ ಗಾಡಿಯನ್ನು ಇವರ ಮನೆಯೊಳಗೇ ನುಗ್ಗಿಸುತ್ತವೆ. ಇಬ್ಬರೂ ಸತ್ತರು ಅಂತಲೇ ನೋಡುವವರು ಅಂದುಕೊಳ್ಳಬೇಕು. ಆದರೆ 1990ರ ಎರಡನೇ ಭಾಗದಲ್ಲಿ ಇಬ್ಬರೂ ನ್ಯೂಯಾರ್ಕಿಗೆ ಬಂದಿಳಿಯುತ್ತಾರೆ.

ಅಲ್ಲಿ ಬಾವಲಿ ರೆಕ್ಕೆಯ ಭೂತವೊಂದು ನಡುಬೀದಿಯಲ್ಲಿ ಫಟ್ಟರ್‌ಮನ್ ಮೇಲೆ ಎರಗುತ್ತದೆ. ಪಕ್ಕದಲ್ಲಿ ಹಸಿ ಸಿಮೆಂಟು ಇರುತ್ತದೆ. ಮಿಲ್ಲರ್ ಆ ಭೂತವನ್ನು ಅದರಲ್ಲಿ ಅದ್ದಿಬಿಡುತ್ತಾರೆ. ಅದು ಒದ್ದಾಡುತ್ತಾ ಹಾರಿ ಚರ್ಚಿನ ಮೇಲೆ ಕೂತು, ಅಲ್ಲೇ ಒಣಗಿ ಕಲ್ಲಿನ ಬೊಂಬೆಯಾಗುತ್ತದೆ. 31 ವರ್ಷದ ಹಿಂದೆ ಪ್ಲಾಸ್ಟರ್ ಹಚ್ಚಲು ಟೈಮಿಲ್ಲದೆ ಬೂದು ಬಣ್ಣದಲ್ಲಿ ತೂಗಿದ್ದರು ಮಿಲ್ಲರ್. ಈ ಸಲ ಸಿಮೆಂಟಿಗೆ ಕೊರತೆ ಇರಲಿಲ್ಲ. ಒಂದು ಇಂಚೂ ಬಿಡದೆ ಮೆತ್ತಿತ್ತು.